ಅಕ್ಕನಿಗೆ ನಾಲ್ಕು ಮಾತು

ಧರ್ಮಗಳ ಅಧ್ಯಯನ ವಿಭಾಗ ಕಾಲೇಜಿನ ಮೇಲಿನ ಮಹಡಿಯ ತುದಿಯಲ್ಲಿತ್ತು. ಅಲ್ಲಿ ಪಾಠ ಹೇಳುವ ಮೇಷ್ಟ್ರು ಒಂದು ಕಡೆ ನಿಲ್ಲುವವರಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಲೇ ಇರುತ್ತಿದ್ದರು. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ದಿನ ಅವರು ಹೇಳುವ ಮಾತು ಒಂದೇ.

"ನಿಮ್ಮ ನಂಬಿಕೆನ ಕೊಡೆ ಥರ ಬಾಗಿಲ ಹತ್ತಿರ ಇಟ್ಟು ಬನ್ನಿ. ಯಾರೂ ಕದಿಯಲ್ಲ, ಹೋಗುವಾಗ ತಗೊಂಡು ಹೋಗಿ. ದೇವರು ಇದ್ದಾನಾ ಇಲ್ಲವಾ ಅಂತ ಇಲ್ಲಿ ನಾವು ಪಂಚಾಯಿತಿ ಮಾಡಲ್ಲ. ಜನ ಏನು ನಂಬ್ತಾರೆ, ನಂಬಿ ಏನು ಮಾಡ್ತಾರೆ, ಅಷ್ಟೇ ನೋಡ್ತೀವಿ."

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ನಿಮ್ಮ ಕೊಡೆ ಯಾವ ಬಣ್ಣದ್ದು?" ಎಂದು ಕೇಳಿಬಿಟ್ಟಳು. ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕು, ಕಿಟಕಿಯ ಕಡೆ ನಡೆದುಬಿಟ್ಟರು. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆ ಕಡೆಗೂ ಅಷ್ಟು ಬೆಳಕು, ಈ ಕಡೆಗೂ ಅಷ್ಟೇ. ಆ ವರ್ಷದ ಮಕ್ಕಳು ಅವರಿಗೆ 'ಅಡ್ಡಗೋಡೆ ಮೇಷ್ಟ್ರು' ಎಂದು ಹೆಸರಿಟ್ಟರು. ಹೆಂಡತಿಗೂ ಆ ಹೆಸರು ಒಪ್ಪಿಗೆಯಾಗಿತ್ತು. "ಉಪ್ಪು ಸರಿಯಾಗಿದೆಯಾ ಅಂತ ಕೇಳಿದ್ರೆ, ಈ ಬಗ್ಗೆ ಎರಡು ಅಭಿಪ್ರಾಯ ಇದೆ ಅಂತಾರೆ," ಎಂದು ಆಕೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಮೇಷ್ಟ್ರನ್ನು ಸಾಕಿದವಳು ಅಕ್ಕ. ಅಮ್ಮ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಬೀದಿಯ ಕಡೆಗಿನ ಕೋಣೆಯೇ ಅವಳ ಅಂಗಡಿ. ಈಗ ಅದೇ ಕೋಣೆಯಲ್ಲಿ, ಯಂತ್ರವನ್ನು ಗೋಡೆಗೆ ಸರಿಸಿ, ಅವಳಿಗೊಂದು ಮಂಚ ಹಾಕಿದ್ದರು. ವೈದ್ಯರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಒಳಗಿನ ಕೋಣೆಗೆ ಬಾ ಎಂದು ಭಾವ ಎಷ್ಟು ಹೇಳಿದರೂ, "ಅಲ್ಲಿ ಬರೀ ಗೋಡೆ. ಇಲ್ಲಿಂದ ಹೋಗೋ ಬರೋರ ಕಾಲರ್ ಆದ್ರೂ ಕಾಣುತ್ತೆ," ಎಂದು ಅವಳು ಜಗ್ಗಲಿಲ್ಲ.

ಒಂದು ಸಂಜೆ ಮೇಷ್ಟ್ರು ಹೋದಾಗ ಅಕ್ಕ ಪೀಠಿಕೆಯಿಲ್ಲದೆ ಹೇಳಿದಳು. "ನಾನು ಹೋದ ಮೇಲೆ ಯಾರ್ಯಾರೋ ಬಂದು ಏನೇನೋ ಒದರೋದು ಬೇಡ. ನಾಲ್ಕು ಮಾತು ನೀನೇ ಹೇಳು."

"ಈಗ್ಯಾಕೆ ಅಕ್ಕ ಆ ಮಾತು?"

"ಈಗಲ್ಲದೆ ಇನ್ಯಾವಾಗ? ಆಮೇಲೆ ಬಂದು ನೆನಪಿಸೋಕಾಗುತ್ತಾ? ಮೊದಲು ನನಗೆ ಓದಿ ತೋರಿಸು. ಟ್ರಯಲ್ ನೋಡದೆ ನಾನು ಯಾರ ಕೋಟನ್ನೂ ಕೊಟ್ಟು ಕಳಿಸಿದವಳಲ್ಲ. ನನ್ನದನ್ನ ಮಾತ್ರ ಹಾಗೆ ಬಿಡ್ತೀನಾ?"

ಮೇಷ್ಟ್ರು ಒಪ್ಪಿದರು. ಒಪ್ಪುವಾಗ ಅದು ಅಷ್ಟೇನೂ ಕಷ್ಟವೆನಿಸಲಿಲ್ಲ. ಸತ್ತವರ ಬಗ್ಗೆ ಬದುಕಿರುವವರು ಆಡುವ ಮಾತು ಅವರ ಪಾಠದ ಒಂದು ಇಡೀ ಅಧ್ಯಾಯವಾಗಿತ್ತು. ಎಷ್ಟೋ ಸಾವಿನ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಅಳದೆ, ಗಮನವಿಟ್ಟು ಕೇಳಿ ಬಂದಿದ್ದರು.

ಭಾನುವಾರ ಹಾಳೆ ಹಿಡಿದು ಬಂದರು. ಅಕ್ಕ ದಿಂಬಿಗೆ ಒರಗಿ ಕೂತಳು. ಭಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಅವರು ಬಸ್ಸು ಓಡಿಸಿ ನಿವೃತ್ತರಾದವರು. ಯಾವ ಭಾಷಣವನ್ನೂ ಕೊನೆಯವರೆಗೆ ಕೇಳಿದ ದಾಖಲೆಯಿರಲಿಲ್ಲ.

"ಸಾವಿನ ನಂತರ ಏನು ಎಂಬ ಪ್ರಶ್ನೆಗೆ ಮನುಷ್ಯ ಬೇರೆ ಬೇರೆ ಉತ್ತರ ಕಂಡುಕೊಂಡಿದ್ದಾನೆ," ಎಂದು ಮೇಷ್ಟ್ರು ಓಡಾಡುತ್ತಾ ಓದಿದರು. "ಕೆಲವರು ಅದನ್ನು ಪಯಣ ಎನ್ನುತ್ತಾರೆ. ಕೆಲವರು ಮರಳಿ ಬರುವುದು ಎನ್ನುತ್ತಾರೆ. ಇನ್ನು ಕೆಲವರು ದೀರ್ಘವಾದ ನಿದ್ದೆ..."

"ನಿದ್ದೆ ಅನ್ನೋದೇ ನಿಜ ಇರಬೇಕು ಕಣೋ," ಎಂದಳು ಅಕ್ಕ. "ನಿಮ್ಮ ಭಾವನ್ನ ನೋಡು."

ಭಾವನ ಗದ್ದ ಎದೆಗೆ ತಾಗಿತ್ತು. ಮೇಷ್ಟ್ರಿಗೆ ನಗು ಬರಲಿಲ್ಲ.

"ಯಾರೋ ಈ ಕೆಲವರು? ನನ್ನ ಅಂಗಡಿಗೆ ಯಾವತ್ತಾದ್ರೂ ಬಂದಿದ್ರಾ? ಅವರನ್ನೆಲ್ಲ ಕಳಿಸಿಬಿಟ್ಟು ಬಾ."

ಮುಂದಿನ ಸಲ ಮೇಷ್ಟ್ರು ಕೆಲವರನ್ನೆಲ್ಲ ಕಳಿಸಿಯೇ ಬಂದರು. ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ಒಂದೇ, ಅಕ್ಕನಿಗೆ ಸಮಾಧಾನವಾಗಲಿ. ಹಾಳೆಯಲ್ಲಿ ನೋವಿಲ್ಲದ ಬೆಳಕಿನ ಊರು ಬಂತು. ಆ ಊರಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಮಗಳ ಸವೆದ ಬೆರಳುಗಳನ್ನು ಹಿಡಿದು ಒಳಗೆ ಕರೆದುಕೊಂಡಳು. ಭಾವ ಈ ಸಲ ನಿದ್ದೆ ಮಾಡಲಿಲ್ಲ, ಮೂಗು ಒರೆಸಿಕೊಂಡರು. ಅಕ್ಕ ಮಾತ್ರ ತಮ್ಮನ ಮುಖವನ್ನೇ ನೋಡುತ್ತಿದ್ದಳು.

"ಇದನ್ನ ನೀನು ನಂಬ್ತೀಯಾ?"

"ಕೇಳೋರಿಗೆ ಒಂದು ಸಮಾಧಾನ ಅಂತ..."

"ನಾನು ಕೇಳಿದ್ದು ನಿನ್ನನ್ನ."

ಮೇಷ್ಟ್ರು ಬಾಗಿಲಿಗೆ ಹೋಗಿ ಕಿಟಕಿಗೆ ಬಂದರು. ಕೋಣೆ ಚಿಕ್ಕದು, ಕಾಲಿಗೆ ಹೊಲಿಗೆ ಯಂತ್ರ ತಗುಲಿತು.

"ಬೇರೆ ಯಾರದೋ ಅಳತೆಗೆ ಹೊಲಿದಿದ್ದನ್ನ ತಂದು ನನಗೆ ತೊಡಿಸ್ತಿದ್ದೀಯ," ಎಂದಳು ಅಕ್ಕ. "ಬಿಚ್ಚಿ ಹಾಕು." ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅತ್ತಲಿಂದಲೇ ಧ್ವನಿ ಬಂತು. "ಎಷ್ಟು ಚೆನ್ನಾಗಿತ್ತು ಕಣೋ, ನಿಜ ಆಗಿದ್ದಿದ್ರೆ."

ಆ ಮಾತು ಮೇಷ್ಟ್ರನ್ನು ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಬಿಡಲಿಲ್ಲ. ಬಸ್ಸಿನಲ್ಲಿ ತಮ್ಮ ನಿಲ್ದಾಣ ದಾಟಿ ಮುಂದೆ ಹೋದರು. ತರಗತಿಯಲ್ಲಿ 'ಕೆಲವರು' ಎಂದು ಶುರು ಮಾಡಿ, ಮುಂದಿನ ಪದ ಸಿಗದೆ, ಬೋರ್ಡು ಒರೆಸುತ್ತಾ ನಿಂತರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಮನೆಯಲ್ಲಿ ಹಾಳೆ ಮುಂದಿಟ್ಟುಕೊಂಡರೆ ಒಂದು ಸಾಲು ಬರೆಯುವುದು, ಎರಡು ಸಾಲು ಹೊಡೆದುಹಾಕುವುದು. "ನಿಮ್ಮ ಅಕ್ಕನ ಬಗ್ಗೆ ಬರೆಯೋಕೆ ಇಷ್ಟು ಒದ್ದಾಟವಾ?" ಎಂದಳು ಹೆಂಡತಿ. ಅಕ್ಕನ ಬಗ್ಗೆ ಬರೆಯುವುದು ಕಷ್ಟವಿರಲಿಲ್ಲ. ಅವಳು ಎಲ್ಲಿಗೆ ಹೋಗುತ್ತಾಳೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತುಬಿಡುತ್ತಿತ್ತು. ಅತ್ತ ಅಕ್ಕ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ಹೋದಾಗಲೆಲ್ಲ ಒಂದೇ ಪ್ರಶ್ನೆ: "ಬರೆದು ತಂದೆಯಾ?"

ಕೊನೆಗೊಂದು ದಿನ ಮೇಷ್ಟ್ರು ಬರಿಗೈಯಲ್ಲೇ ಹೋದರು. ಅಕ್ಕನ ಮುಖ ಹಿಡಿಯಷ್ಟಾಗಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

"ತಂದೆಯಾ?"

"ಇಲ್ಲ."

"ಸಾಯೋದನ್ನ ಮುಂದಕ್ಕೆ ಹಾಕಲಾ ಹಾಗಾದ್ರೆ?"

ಮೇಷ್ಟ್ರಿಗೆ ಎಲ್ಲಿಂದಲೋ ಸಿಟ್ಟು ಉಕ್ಕಿ ಬಂತು. "ನನ್ನ ಜೀವ ಯಾಕೆ ಹೀಗೆ ಹಿಂಡ್ತೀಯ ಅಕ್ಕ? ಅಮ್ಮ ಹೋದಾಗ ನಾನು ಕೇಳಿದ್ದೆ, ಅಮ್ಮ ಎಲ್ಲಿಗೆ ಹೋದ್ಲು ಅಂತ. ನಾಳೆ ಹೇಳ್ತೀನಿ ಮಲ್ಕೋ ಅಂದೆ. ಇವತ್ತಿನವರೆಗೂ ಹೇಳಿಲ್ಲ ನೀನು!"

"ನನಗೇನೋ ಗೊತ್ತಿತ್ತು? ನನಗೆ ಆಗ ಹದಿನಾಲ್ಕು!"

"ನನಗೀಗ ಐವತ್ತು. ನನಗೂ ಗೊತ್ತಿಲ್ಲ! ಅದನ್ನೇ ಹುಡುಕ್ತಾ ಈ ಓದಿಗೆ ಬಿದ್ದೆ. ಯಾರ್ಯಾರು ಏನೇನು ಹೇಳ್ತಾರೆ ಎಲ್ಲ ಗೊತ್ತು. ನಿನ್ನ ವಿಷಯಕ್ಕೆ ಬಂದ್ರೆ ಒಂದಕ್ಷರ ಗೊತ್ತಿಲ್ಲ. ನನಗೆ ಭಯ ಆಗುತ್ತೆ. ಅಷ್ಟೇ ನನ್ನ ಹತ್ತಿರ ಇರೋದು."

ಗಲಾಟೆ ಕೇಳಿ ಭಾವ ಒಳಗಿಂದ ಓಡಿ ಬಂದರು. "ಏನ್ರೋ ಇದು? ಒಬ್ಬಳಿಗೆ ಏಳೋಕಾಗಲ್ಲ, ಇನ್ನೊಬ್ಬನಿಗೆ ಕೂರೋಕಾಗಲ್ಲ, ಜಗಳಕ್ಕೆ ಮಾತ್ರ ಇಬ್ಬರೂ ಮುಂದು!"

"ನೀವು ಸುಮ್ನಿರಿ," ಎಂದಳು ಅಕ್ಕ. ಮೇಷ್ಟ್ರ ಕಡೆ ತಿರುಗಿದಳು. "ನನಗೂ ಭಯ ಆಗುತ್ತೆ ಕಣೋ. ನಿನಗೇನಾದ್ರೂ ಗೊತ್ತಿರಬಹುದು, ದೊಡ್ಡವರ ಮುಂದೆ ಹೇಳಬಾರದು ಅಂತ ಮುಚ್ಚಿಟ್ಟಿದ್ದೀಯ ಅಂತ ಅಂದ್ಕೊಂಡಿದ್ದೆ."

"ಇಲ್ಲ ಅಕ್ಕ. ಏನೂ ಮುಚ್ಚಿಟ್ಟಿಲ್ಲ."

"ಹಾಗಾದ್ರೆ ನಾಲ್ಕು ಜನರ ಮುಂದೆ ಗೊತ್ತಿಲ್ಲ ಅಂತಾನೇ ಹೇಳು. ಅಷ್ಟು ಸಾಕು ಅಂತ ನಾನು ಹೇಳಲ್ಲ. ಸಾಲದು. ಆದ್ರೆ ಅದು ನಿನ್ನದೇ ಮಾತು ಅಲ್ವಾ, ಹೇಳು." ಅಕ್ಕ ಕೈ ಚಾಚಿದಳು. ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತು ಆ ಕೈ ಹಿಡಿದುಕೊಂಡರು. ಇಬ್ಬರಿಗೂ ಸಮಾಧಾನವೇನೂ ಆಗಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದಳು. ಮೂರನೇ ದಿನ ಬೀದಿಯ ತುದಿಯ ಸಭಾಂಗಣದಲ್ಲಿ ಅವಳನ್ನು ನೆನೆಯಲು ಜನ ಸೇರಿದರು. ಅಂಗಡಿಗೆ ಬರುತ್ತಿದ್ದವರು, ಭಾವನ ಜೊತೆ ಬಸ್ಸು ಓಡಿಸಿದವರು, ಗೋಡೆಗೆ ಒರಗಿ ಮೇಷ್ಟ್ರ ವಿದ್ಯಾರ್ಥಿಗಳು. ಮೇಷ್ಟ್ರು ಎದ್ದು ನಿಂತರು. ಓಡಾಡಲು ಜಾಗವಿರಲಿಲ್ಲ, ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನನ್ನ ಅಕ್ಕ ಎಲ್ಲಿಗೆ ಹೋದಳು ಅಂತ ನನಗೆ ಗೊತ್ತಿಲ್ಲ," ಎಂದರು.

ಯಾರೋ ಕೆಮ್ಮಿದರು. ಇಬ್ಬರು ಹಿರಿಯರು ಮುಖ ಮುಖ ನೋಡಿಕೊಂಡರು. ಸತ್ತವರನ್ನು ನೆನೆಯುವ ಸಭೆಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ.

"ಇದ್ದಾಗ ಎಲ್ಲಿದ್ದಳು ಅಂತ ಗೊತ್ತು. ಹೊಲಿಗೆ ಯಂತ್ರದ ಮುಂದೆ. ಮೂಗಿನ ತುದಿಯಲ್ಲಿ ಸಿಟ್ಟು, ತುಟಿಯಲ್ಲಿ ಗುಂಡುಪಿನ್ನು. ಕಾಲೇಜಿಗೆ ಸೇರಿದಾಗ ನನಗೊಂದು ಕೋಟು ಹೊಲಿದಳು. ತೋಳು ಬೆರಳು ಮುಚ್ಚೋಷ್ಟು ಉದ್ದ. ಇರಲಿ ಬಿಡು, ಬೆಳೀತೀಯ ಅಂದಳು..." ಮೇಷ್ಟ್ರು ತಮ್ಮ ಅಂಗಿಯ ತೋಳು ನೋಡಿಕೊಂಡರು. "ಅಷ್ಟು ಬೆಳೀಲೇ ಇಲ್ಲ ಅಕ್ಕ ನಾನು. ನಿನಗೆ ಗೊತ್ತಿತ್ತು. ಆದ್ರೂ ನೀನು ಅದನ್ನ ಮಡಚಿ ಹೊಲೀಲಿಲ್ಲ."

ಭಾವ ತಲೆಯೆತ್ತಿದರು. ಗೋಡೆಯ ಬಳಿ ವಿದ್ಯಾರ್ಥಿಗಳು ಅಲುಗಾಡದೆ ನಿಂತರು. ತಾವು ಯಾರ ಜೊತೆ ಮಾತಾಡುತ್ತಿದ್ದೇವೆ ಎಂಬುದು ಮೇಷ್ಟ್ರಿಗೂ ಆಗಲೇ ಹೊಳೆದದ್ದು. ಕೇಳಿಸಿಕೊಳ್ಳುವವರು ಇದ್ದಾರೋ ಇಲ್ಲವೋ ತಿಳಿಯದೆ ಜನ ಸತ್ತವರನ್ನು 'ನೀನು' ಎಂದು ಕರೆಯುವುದೇಕೆ ಎಂದು ಅವರು ಎಷ್ಟು ವರ್ಷ ಪಾಠ ಹೇಳಿದ್ದರು! ಕಾರಣಗಳೆಲ್ಲ ಒಂದೊಂದಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಅವುಗಳಲ್ಲಿ ತಮ್ಮದು ಯಾವುದೆಂದು ಅವರಿಗೆ ತಿಳಿಯಲಿಲ್ಲ, ಹುಡುಕಲು ಅವರು ನಿಲ್ಲಲೂ ಇಲ್ಲ.

"ಇನ್ನೂ ಒಂದು ವಿಷಯ ಅಕ್ಕ," ಎಂದರು ಮೇಷ್ಟ್ರು, ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಭಾವ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಹೇಳಿದ್ರೆ ಕೇಳ್ತಿಲ್ಲ. ನೀನೇ ಒಂದು ಮಾತು ಹೇಳು."