ಮೊರೊಸ್ಪಿನಿ ಧಣಿಗಳ ಸೇತುವೆಯೂ ಸೂಲಗಿತ್ತಿ ಪೆಲ್ಲೆಗ್ರೀನಾಳೂ

ಲುನಿಜಾನಾದ ಆ ಕಣಿವೆಯಲ್ಲಿ ಪೆಲ್ಲೆಗ್ರೀನಾ ಕೈಗೆ ಬಾರದ ಕೂಸಿರಲಿಲ್ಲ. ಮೊರೊಸ್ಪಿನಿ ಮನೆತನದ ಮುದಿ ಧಣಿಯ ಇಬ್ಬರು ಗಂಡುಮಕ್ಕಳ ಹೆರಿಗೆ ಮಾಡಿಸಿದವಳೂ ಅವಳೇ. ಆ ಮನೆತನದಲ್ಲಿ ಹುಟ್ಟಿದ ಪ್ರತಿ ಗಂಡಿಗೂ ಸೀಮೆಯಲ್ಲಿ ಸಮಪಾಲು. ಒಂದು ಕಾಲಕ್ಕೆ ಸಮುದ್ರದವರೆಗೆ ಹಬ್ಬಿದ್ದ ಆಳ್ವಿಕೆ ಪಾಲಾಗಿ ಪಾಲಾಗಿ ಈಗ ಒಂದು ಹೊಳೆ, ಎರಡು ಊರು, ಒಂದಿಷ್ಟು ಚೆಸ್ಟ್‌ನಟ್ ಕಾಡಿಗೆ ಬಂದು ನಿಂತಿತ್ತು. ಮುದುಕ ಸತ್ತ ಮೇಲೆ ಅದನ್ನೂ ಸೀಳಿದರು. ಎಡದಂಡೆ ಹಿರಿಯ ಅಲೆರಾಮೊನಿಗೆ, ಬಲದಂಡೆ ಕಿರಿಯ ಒಬಿತ್ಸೊನಿಗೆ. ನಡುವಿನ ಕಲ್ಲುಸೇತುವೆಯ ಎರಡೂ ತುದಿಗೆ ಒಂದೊಂದು ಬಾಗಿಲು, ಒಬ್ಬೊಬ್ಬ ಕಾವಲುಗಾರ.

ಪೆಲ್ಲೆಗ್ರೀನಾಳ ಮನೆ ಇದ್ದದ್ದು ಬಲದಂಡೆಯಲ್ಲಿ; ಅಲ್ಲಿನ ಕಾವಲಿಗಿದ್ದವನು ಅವಳ ತಂಗಿಯ ಮಗ ತದ್ದೇವೊ.

"ರಹದಾರಿ ತೋರ್ಸು ದೊಡ್ಡಮ್ಮ."

"ನಿನ್ನ ಮೂಗು ಒರೆಸಿದ ಕೈ ಕಣೋ ಇದು! ನನ್ನ ಗುರ್ತು ಸಿಗ್ಲಿಲ್ವಾ?"

"ಸಿಕ್ತು. ಆದ್ರೆ ಧಣಿ ಅಪ್ಪಣೆ, ನಾನೇನ್ ಮಾಡ್ಲಿ?"

ಇವನನ್ನು ಬೈದು ದಾಟಿದರೆ ಆ ತುದಿಯವನು ಬೇರೆ ರಹದಾರಿ ಕೇಳುತ್ತಿದ್ದ. ದಿನಾ ಇದೇ ಗೋಳು. ಆ ಶರತ್ಕಾಲದಲ್ಲಿ ಎಡದಂಡೆಯ ಇದ್ದಿಲು ಸುಡುವವನ ಹೆಂಡತಿ ಓರೆಸ್ತಾಗೆ ನೋವು ಕಾಣಿಸಿಕೊಂಡಾಗ ಅಲೆರಾಮೊ ಧಣಿ ಬೇಟೆಗೆ ಹೋಗಿದ್ದ; ಅಪ್ಪಣೆಯಿಲ್ಲದೆ ಆ ತುದಿಯ ಕಾವಲುಗಾರ ಬಾಗಿಲು ತೆಗೆಯಲಿಲ್ಲ. ಪೆಲ್ಲೆಗ್ರೀನಾ ಗಂಟಲು ಹರಿಯುವಂತೆ ಕೂಗಿದಳು. ಕೊನೆಗೆ ತೆಗೆದಾಗ ಹೊತ್ತು ಮೀರಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಪೆಲ್ಲೆಗ್ರೀನಾಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತು.

ವಸಂತದಲ್ಲಿ ಒಬಿತ್ಸೊನ ಹೆಂಡತಿ ಹೆತ್ತಳು. ಅವಳಿ, ಎರಡೂ ಗಂಡು. 'ಈ ಬಲದಂಡೆಗೂ ಇನ್ನೊಂದು ಬೇಲಿ ಬಿತ್ತು' ಎಂದು ಹೊಕ್ಕುಳಬಳ್ಳಿ ಕಟ್ಟುತ್ತಲೇ ಪೆಲ್ಲೆಗ್ರೀನಾ ನಿಟ್ಟುಸಿರಿಟ್ಟಳು. ಧಣಿ ಹಿಗ್ಗಿ ಬೆಳ್ಳಿ ಬಟ್ಟಲು ನೀಡಿದ.

"ಬಟ್ಟಲು ಬೇಡ ಧಣಿ. ಸೇತುವೆ ಬಾಗ್ಲು ತೆಗೆಸಿ."

"ನನ್ನದು ತೆಗೆಸ್ತೀನಿ. ಅಣ್ಣಂದು ನನ್ನ ಕೈಲಿಲ್ಲವಲ್ಲ."

"ಅರ್ಧ ಸೇತುವೆ ನಡೆದು ಮಿಕ್ಕರ್ಧ ಹಾರ್ಲಾ ನಾನು?"

ಒಬಿತ್ಸೊ ಹೇಳಿದಂತೆ ತನ್ನ ತುದಿಯ ಬಾಗಿಲು ತೆಗೆಸಿದ. ಮರುತಿಂಗಳೇ ಅಲೆರಾಮೊನ ಹೆಂಡತಿಗೂ ನೋವು ಶುರುವಾಯಿತು. ಅವನ ಪಾರುಪತ್ಯಗಾರ ಬಾಗಿಲು ಹಾರುಹೊಡೆದು ನಿಂತು ಕೈಬೀಸಿ ಕರೆದ. ಪೆಲ್ಲೆಗ್ರೀನಾ ಸೇತುವೆಯ ನಡುಮಧ್ಯ ಕುಳಿತಳು.

"ನನ್ನತ್ರ ರಹದಾರಿ ಇಲ್ಲ."

"ಯಾರು ಕೇಳಿದ್ರು ತಾಯಿ! ಬೇಗ ಬಾ!"

"ಓರೆಸ್ತಾಗೆ ನೋವು ಬಂದಾಗ ಕೇಳಿದ್ರಲ್ಲ! ಆ ಬಾಗ್ಲು ಕಿತ್ತು ಹೊಳೆಗೆ ಹಾಕಿ, ಬರ್ತೀನಿ."

ಬಾಯಲ್ಲಿ ಹಾಗೆಂದರೂ ಒಳಗೆ ಜೀವ ಹೊಡೆದುಕೊಳ್ಳುತ್ತಿತ್ತು. ಧಣಿಯ ಕೋಟೆಯಲ್ಲಿ ನರಳುತ್ತಿರುವ ಹೆಣ್ಣಿನ ತಪ್ಪೇನಿದೆ? ಇನ್ನೊಂದು ಗಳಿಗೆ ಅವರು ತಡಮಾಡಿದ್ದರೆ ಪೆಲ್ಲೆಗ್ರೀನಾಳೇ ಸೋತು ಓಡುತ್ತಿದ್ದಳು. ಅಷ್ಟರಲ್ಲಿ ಪಾರುಪತ್ಯಗಾರ ಕಾವಲುಗಾರನನ್ನು ಸೇರಿಸಿಕೊಂಡು ಬಾಗಿಲು ಕಿತ್ತು ನೀರಿಗೆಸೆದ. ಪೆಲ್ಲೆಗ್ರೀನಾ ಲಂಗ ಎತ್ತಿಕಟ್ಟಿ ಓಡಿದಳು.

ಹುಟ್ಟಿದ್ದು ಹೆಣ್ಣು. ಧಣಿ ಮುಖ ಗಂಟಿಕ್ಕಿದ. "ಚೆನ್ನಾಗಿದೆ ಧಣಿ, ಗಟ್ಟಿಮುಟ್ಟಾಗಿದೆ," ಎಂದು ಪೆಲ್ಲೆಗ್ರೀನಾ ಕೂಸನ್ನು ಮನಸಾರೆ ಮುದ್ದಿಸಿದಳು.

ಸೂಲಗಿತ್ತಿ ತಮ್ಮನ ಪ್ರಜೆಯಾದ್ದರಿಂದ ಹೊಸ ಬಾಗಿಲನ್ನು ತಮ್ಮನೇ ಮಾಡಿಸಿಕೊಡಬೇಕೆಂದು ಅಲೆರಾಮೊ ಹಟ ಹಿಡಿದ. ಒಬಿತ್ಸೊ ಒಪ್ಪಲಿಲ್ಲ. ವ್ಯಾಜ್ಯ ದೂರದ ಚಕ್ರವರ್ತಿಯ ನ್ಯಾಯಸ್ಥಾನಕ್ಕೆ ಹೋಗಿ, ಅಲ್ಲೇ ಕೊಳೆಯಿತು. ಪೆಲ್ಲೆಗ್ರೀನಾ ಇರುವತನಕ ತೀರ್ಪೂ ಬರಲಿಲ್ಲ, ಸೇತುವೆಗೆ ಬಾಗಿಲೂ ಬರಲಿಲ್ಲ.