ಮಂಗಟ್ಟೆಗೆ ನಾನು ಕೊಟ್ಟ ಪದ

ಮೊನ್ನೆ ಆಲ್ದೂರಿನ ನಮ್ಮ ಮನೆಯ ಮುಂದೆ ಕರೆಂಟಿನವರು ಬಂದು, ತಂತಿಗೆ ತಾಗುತ್ತಿದ್ದ ಸಿಲ್ವರ್ ಮರದ ಕೊಂಬೆಗಳನ್ನು ಕಡಿದು ಹಾಕಿದರು. ಹಸಿ ಕೊಂಬೆಯ ವಾಸನೆ ಜಗಲಿಯವರೆಗೂ ಬಂತು. ಕಾಫಿ ಲೋಟ ಹಿಡಿದು ಕೂತಿದ್ದ ನನಗೆ ನಮ್ಮ ತೋಟದ ಮರಗಸಿಯವನ ನೆನಪಾಯಿತು… ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ನಮ್ಮ ಕಡೆ ಮರಗಸಿ ಎನ್ನುತ್ತಾರೆ. ಸೊಂಟಕ್ಕೆ ಕತ್ತಿ ಸಿಕ್ಕಿಸಿ ಬೆಳಿಗ್ಗೆ ಮರ ಹತ್ತಿದನೆಂದರೆ ಅವನು ಇಳಿಯುತ್ತಿದ್ದುದು ಊಟದ ಹೊತ್ತಿಗೇ. ವಯಸ್ಸಿನಲ್ಲಿ ನನಗಿಂತ ಹಿರಿಯ. ಆದರೆ ನಾನು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್, ಅವನು ಆಳು. ಹಾಗಾಗಿ ಏಕವಚನ. ಈಗಲೂ ನಾಲಿಗೆಗೆ ಬೇರೆ ಬರುವುದಿಲ್ಲ.

ಮುಚ್ಚುಮರೆ ಯಾಕೆ, ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು.

ನಾನು ಬಿ.ಎ. ಓದಿದವನು, ಅದೂ ಇಂಗ್ಲಿಷ್ ತೆಗೆದುಕೊಂಡು. ತೋಟದಿಂದ ಹೊರಗೆ ಹೋಗುವ ಇಂಗ್ಲಿಷ್ ಕಾಗದವೆಲ್ಲ ನನ್ನ ಕೈಯಿಂದಲೇ ಹೋಗಬೇಕು. ಸಾಹುಕಾರರು ಕೂಡ ಸ್ಪೆಲಿಂಗ್ ಕೇಳುತ್ತಿದ್ದುದು ನನ್ನನ್ನೇ. ನನಗೆ ಇದ್ದ ದೊಡ್ಡಸ್ತಿಕೆ ಅದೊಂದೇ. ಎರಡು ಸಾವಿರದ ಆಚೀಚೆ ಕಾಫಿಯ ರೇಟು ಬಿದ್ದುಹೋದಾಗ ಸಾಹುಕಾರರು ಹಳೇ ಬಂಗಲೆಯನ್ನು ಹೋಮ್‌ಸ್ಟೇ ಮಾಡಿದರು. ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹಕ್ಕಿ ನೋಡುವವರು ಬರತೊಡಗಿದರು. ಬೆಳಿಗ್ಗೆ ಅವರನ್ನು ತೋಟ ಸುತ್ತಿಸುವ ಕೆಲಸ ನನಗೆ ಬಂತು. ಮೂಡಿಗೆರೆಗೆ ಹೋಗಿ ಒಂದು ಹೊಸ ಟೋಪಿ ಕೂಡ ತಂದೆ. ಯಾವ ಹಕ್ಕಿ ಎಲ್ಲಿರುತ್ತದೆ ಎಂದು ಮರಗಸಿಯವನಿಗೆ ಗೊತ್ತಿದ್ದುದರಿಂದ ಅವನೂ ಜೊತೆಗೆ.

ಮೊದಲ ದಿನವೇ ಎಡವಟ್ಟಾಯಿತು. ಗಿಡುಗ ಕಂಡಿತು. ‘ಫ್ಲೈಯಿಂಗ್, ಫ್ಲೈಯಿಂಗ್’ ಎಂದು ನಾನು ಕೈ ತೋರಿಸಿದೆ. ಹಿಂದೆ ನಿಂತಿದ್ದ ಅವನು ಮಾತಿಲ್ಲದೆ ಕೈ ಮೇಲೆತ್ತಿ, ಬೆರಳು ಮಡಚಿ, ಎತ್ತರದಿಂದ ಸರ್ರನೆ ಕೆಳಗಿಳಿಸಿದ. ಮರುಕ್ಷಣ ಗಿಡುಗ ಹಾಗೆಯೇ ಎರಗಿತು. ಅತಿಥಿಗಳೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಯಾರಿಗೂ ನನ್ನ ಇಂಗ್ಲಿಷ್ ಬೇಕಾಗಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದರು.

ಒಂದು ದಿನ ಆಫೀಸಿನ ಬಾಗಿಲಿಗೆ ಬಂದು ನಿಂತ.

“ರೈಟ್ರೇ, ಗಿಡುಗ ಹಾರೋದೂ ಪಿಕಳಾರ ಹಾರೋದೂ ಒಂದೇ ಅಲ್ಲ. ಇಂಗ್ಲಿಷಲ್ಲೂ ಬೇರೆ ಬೇರೆ ಇರ್ಬೇಕಲ್ಲ?”

ನನಗೆ ಹೆಮ್ಮೆಯೇ ಆಯಿತು. ಕಾಲೇಜಿನ ನಿಘಂಟು ತೆಗೆದು ಕೂತೆ. ಎರಗುವುದಕ್ಕೆ ಸ್ವೂಪ್, ರೆಕ್ಕೆ ಬಡಿಯದೆ ತೇಲುವುದಕ್ಕೆ ಗ್ಲೈಡ್, ಮಿಂಚುಳ್ಳಿಯ ಹಾಗೆ ನುಗ್ಗುವುದಕ್ಕೆ ಡಾರ್ಟ್, ಕೊಂಬೆಯಿಂದ ಕೊಂಬೆಗೆ ಪುರ್ರೆನ್ನುವುದಕ್ಕೆ ಫ್ಲಿಟ್, ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದಕ್ಕೆ ಹವರ್… ನಾಲ್ಕನೇ ಕ್ಲಾಸು ಓದಿದ್ದ ಅವನು ಹಳೇ ಕ್ಯಾಲೆಂಡರಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡ. ಬರೆದುಕೊಂಡು ಸುಮ್ಮನಿದ್ದರೆ ಸರಿ. ಹವರ್ ಎಂದರೆ ರೆಕ್ಕೆ ಆಡಿಸುತ್ತ ನಿಲ್ಲುವುದೋ, ಗಾಳಿಗೆ ಮೈಕೊಟ್ಟು ನಿಲ್ಲುವುದೋ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಆ ಪದಗಳನ್ನು ನಾನು ಪರೀಕ್ಷೆಗೆ ಉರುಹೊಡೆದಿದ್ದೆ ಅಷ್ಟೇ, ಒಂದು ಹಕ್ಕಿಯನ್ನೂ ನೋಡಿರಲಿಲ್ಲ. ಅವನು ಒಂದು ವಾರ ನೋಡಿಕೊಂಡು ಬಂದು, ಎರಡಕ್ಕೂ ಆಗುತ್ತದೆ ಎಂದು ನನಗೇ ಹೇಳಿದ.

ತಿಂಗಳೊಳಗೆ ಸಾಹುಕಾರರು, ಇನ್ನು ನೀವು ಬೆಳಿಗ್ಗೆ ಹೋಗಬೇಕೆಂದಿಲ್ಲ, ಅವನೊಬ್ಬನೇ ಸಾಕು ಎಂದುಬಿಟ್ಟರು. ‘ಆಯ್ತು ಸಾರ್’ ಎಂದು ನಕ್ಕೆ. ಒಳಗೆ ಮಾತ್ರ ಧಗಧಗ ಉರಿಯುತ್ತಿತ್ತು. ಮರ ಹತ್ತುವವನು ಇಂಗ್ಲಿಷ್ ಮಾತಾಡುವುದು, ಬಿ.ಎ. ಓದಿದವನು ಆಫೀಸಿನಲ್ಲಿ ನೊಣ ಹೊಡೆಯುವುದು!

ಅದೇ ವಾರ ಅವನು ಮತ್ತೆ ಬಂದ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಗಂಡು ಹೆಣ್ಣು ಒಟ್ಟೊಟ್ಟಿಗೆ ಹಾರಿಹೋಗುತ್ತವಲ್ಲ, ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ. ನಿಘಂಟು ಮುಟ್ಟದೆ, ಅವನ ಮುಖವನ್ನೇ ನೋಡಿಕೊಂಡು ‘ಇಲೋಪ್’ ಎಂದೆ. ಹುಡುಗ ಹುಡುಗಿ ಮನೆಯಲ್ಲಿ ಹೇಳದೆ ಓಡಿಹೋಗಿ ಮದುವೆಯಾಗುವುದಕ್ಕೆ ಹೇಳುವ ಪದ ಅದು. ಅವನು ಭಕ್ತಿಯಿಂದ ಬರೆದುಕೊಂಡ.

ಮರುದಿನ ತಮಾಷೆ ನೋಡಲು ನಾನೂ ಹಿಂದಿನಿಂದ ಹೋದೆ. ಹಳ್ಳದ ಅಂಚಿನ ಅತ್ತಿ ಮರದಿಂದ ಜೋಡಿ ಮಂಗಟ್ಟೆ ಎದ್ದವು. ‘ಟೂ ಬರ್ಡ್ಸ್, ಇಲೋಪ್!’ ಎಂದ. ಅತಿಥಿಗಳು ಬಿದ್ದು ಬಿದ್ದು ನಕ್ಕರು. ಅವನಿಗೆ ಅವಮಾನವಾಗಬೇಕಿತ್ತಲ್ಲ? ಆಗಲಿಲ್ಲ. ಒಬ್ಬ ಹೆಂಗಸು ಅವನ ಕೈ ಕುಲುಕಿ, ಇಷ್ಟು ಚೆಂದದ ಮಾತು ಕೇಳಿಯೇ ಇರಲಿಲ್ಲ ಎಂದಳು. ಆಮೇಲೆ ಬಂದವರೆಲ್ಲ ಓಡಿಹೋಗುವ ಮಂಗಟ್ಟೆ ತೋರಿಸಿ ಎಂದು ಕೇಳಿಕೊಂಡೇ ಬರತೊಡಗಿದರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನಗೆ.

ಮೊದಮೊದಲು ಪ್ರತಿ ಪದಕ್ಕೂ ‘ನಮ್ಮ ರೈಟ್ರು ಕಲ್ಸಿದ್ದು’ ಎಂದು ಅತಿಥಿಗಳಿಗೆ ಹೇಳುತ್ತಿದ್ದ. ಕೆಲವು ತಿಂಗಳಾದ ಮೇಲೆ ಒಮ್ಮೆ ಬಂಗಲೆಯ ಅಂಗಳದಲ್ಲಿ, ಸಾಹುಕಾರರ ಎದುರಿಗೇ, ಇಲೋಪ್ ಎಂದು ಯಾರು ಹೇಳಿಕೊಟ್ಟರು ಎಂದು ಒಬ್ಬರು ಕೇಳಿದರು. ಎದೆ ಮುಟ್ಟಿಕೊಂಡು ‘ಮೈ ವರ್ಡ್ ಸಾರ್, ಓನ್ಲಿ ಮೈ ವರ್ಡ್’ ಎಂದ. ನಾನು ಅಲ್ಲೇ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ಹೆಸರು ಬಂದದ್ದೇ ತಡ, ಕಲಿಸಿದವನನ್ನು ಮರೆತ! ಆಮೇಲೆ ಎಷ್ಟೋ ವರ್ಷ ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಅವನು ಮಾತ್ರ ಎದುರು ಸಿಕ್ಕಾಗಲೆಲ್ಲ ತಲೆಯ ಟವಲು ತೆಗೆದೇ ನಮಸ್ಕಾರ ಹೇಳುತ್ತಿದ್ದ…

ಅವನು ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ತಿಥಿಯ ಊಟಕ್ಕೆ ಹೋಗಿದ್ದೆ. ಅವನ ಮಗಳು ಆಗಷ್ಟೇ ಮೂಡಿಗೆರೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಕೈತೊಳೆಯಲು ನೀರು ಕೊಡುತ್ತ ಸಣ್ಣ ದನಿಯಲ್ಲಿ ಹೇಳಿದಳು.

“ಸಾರ್, ಆ ಇಲೋಪ್ ತಪ್ಪು ಅಂತ ನಾನು ಹೈಸ್ಕೂಲಲ್ಲಿದ್ದಾಗ್ಲೇ ಅಪ್ಪಂಗೆ ಹೇಳಿದ್ದೆ. ‘ಪಾಪ, ರೈಟ್ರಿಗೆ ಅದೊಂದು ಪದ ಗೊತ್ತಿರ್ಲಿಲ್ಲ. ಸಾವ್ಕಾರ್ರಿಗೆ ತಿಳಿದ್ರೆ ಅವರ ಮರ್ಯಾದೆ ಹೋಗುತ್ತೆ. ತಪ್ಪು ನಂದೇ ಅಂತ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ’ ಅಂದಿದ್ರು.”

ನೀರು ಕೈಮೇಲೆ ಸುರಿಯುತ್ತಲೇ ಇತ್ತು. ಗೊತ್ತಿತ್ತಮ್ಮ, ಬೇಕೆಂದೇ ಹೇಳಿದ್ದು ಎನ್ನಬೇಕಿತ್ತು. “ಹೌದಮ್ಮ, ಗೊತ್ತಿರ್ಲಿಲ್ಲ” ಎಂದೆ.

ಅವಳು ಈಗಲೂ ಮೂಡಿಗೆರೆಯಲ್ಲೇ ಇದ್ದಾಳೆ. ಹೇಳಿಬಿಟ್ಟು ಬರೋಣವೆಂದು ಎರಡು ಸಲ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಅವನು ಇಲ್ಲ. ಕ್ಷಮೆ ಕೇಳುವುದಿದ್ದರೆ ಕೇಳಬೇಕಾಗಿದ್ದವನೇ ಇಲ್ಲ. ಆ ಮನೆಯಲ್ಲಿ ಇವತ್ತಿಗೂ ನಾನು ಇಂಗ್ಲಿಷ್ ಸರಿಯಾಗಿ ಬಾರದ ಪಾಪದ ರೈಟರ್. ಹೊಟ್ಟೆಕಿಚ್ಚಿನವನು ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಸುಮ್ಮನಿದ್ದೇನೆ.