ಟ್ರೇಲರಿನ ಹಿಂದೆ ಕಟ್ಟಿದ ಸ್ಟೆಪ್ನಿ

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ, ಚಪ್ಪಟೆಯಾಗಿತ್ತು. ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಯಾವಾಗಲೋ ಜಾರಿ ಬಡಿದು ಹಾಗಾಗಿತ್ತಂತೆ. ಆ ಹೆಬ್ಬೆರಳಿನಿಂದ ಟೈರನ್ನು ಒತ್ತಿಯೇ ಗಾಳಿ ಎಷ್ಟಿದೆಯೆಂದು ಹೇಳುತ್ತಿದ್ದರು. ಕಲ್ಯಾಣದುರ್ಗದಲ್ಲಿ ಬಾಡಿಗೆ ಜೀಪುಗಳು ನಿಲ್ಲುವ ಕಡೆ ಅವರ ಪಂಚರ್ ಅಂಗಡಿ. ಮೊದಲು ಗಂಡ ನಡೆಸುತ್ತಿದ್ದರು. ಅವರಿಗೆ ಸೊಂಟ ಹಿಡಿದ ಮೇಲೆ ಇವರೇ ಬಂದು ಕೂತರು. ಊರವರಿಗೆಲ್ಲ ಅವರು ಟೈರಮ್ಮ. ನಾನೂ ಹಾಗೇ ಕರೆಯುತ್ತಿದ್ದೆ.

ಅಷ್ಟು ಪುಕ್ಕಲು ಹೆಂಗಸನ್ನು ನಾನು ಇನ್ನೆಲ್ಲೂ ನೋಡಿಲ್ಲ. ಗಾಳಿ ತುಂಬುವಾಗ ಸುತ್ತ ನಿಂತವರನ್ನೆಲ್ಲ ಆಚೆ ಅಟ್ಟಿ, ತಾವೂ ಪಕ್ಕಕ್ಕೆ ಸರಿದು, ಮುಖ ತಿರುಗಿಸಿಕೊಂಡು ಕೂರುತ್ತಿದ್ದರು. ಜಾಕಿ ಏರಿಸಿದ ಗಾಡಿಯ ಕೆಳಗೆ ಯಾರಾದರೂ ಕೈ ಚಾಚಿದರೆ ಸಾಕು, ಚೀರಿಬಿಡುತ್ತಿದ್ದರು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಹೆದರಿಕೆ ಹೋಗಲಿಲ್ಲವೇ ಎಂದು ಒಮ್ಮೆ ಛೇಡಿಸಿದೆ. ಅವರಿಗೆ ನಾಚಿಕೆಯೇ ಆಗಲಿಲ್ಲ.

“ದಿಗಿಲಾಯ್ತದೆ ಕಣಮ್ಮ. ಗಾಳಿ ತುಂಬೋಳು ನಾನು, ಒಳಗೆ ಏನೈತೆ ಅಂತ ನಂಗಲ್ವಾ ಗೊತ್ತಿರೋದು” ಎಂದರು.

ನಮ್ಮದು ಹಿಂದೂಪುರದ ನೇಯ್ಗೆಯ ಮನೆತನ. ಮಗ್ಗದ ಸೀರೆಗಳನ್ನು ನಾವೇ ಊರೂರಿಗೆ ಒಯ್ದು ಮಾರೋಣವೆಂದು ಒಂದು ಟ್ರೇಲರ್ ಕಟ್ಟಿಸಿದ್ದೆವು. ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ ಅದು. ಒಳಗೆ ಸೀರೆಯ ಕಪಾಟು, ಮಡಚುವ ಮಂಚ, ಒಲೆ. ನನ್ನ ಗಂಡ ಜೀಪು ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು. ಕಾಲೇಜು ಮುಗಿಸಿದ್ದ ಮಗಳು ಸ್ಕೂಟಿಯಲ್ಲಿ ಹಿಂದೆಯೇ ಬರುತ್ತಿದ್ದಳು. ಟ್ರೇಲರ್ ನುಗ್ಗಲಾರದ ಓಣಿಗಳಿಗೆ ಸೀರೆ ಗಂಟು ಒಯ್ಯುವುದು ಅವಳ ಕೆಲಸ.

ಒಲೆಗೂ ಮಂಚಕ್ಕೂ ಇಂಚಿಂಚು ಅಳೆದ ನಾವು ಸ್ಟೆಪ್ನಿ ಟೈರಿಗೆ ಜಾಗ ಬಿಡುವುದನ್ನೇ ಮರೆತಿದ್ದೆವು. ಒಳಗಿಟ್ಟರೆ ಸೀರೆಗೆಲ್ಲ ರಬ್ಬರ್ ವಾಸನೆ. ತಳದಲ್ಲಿ ಸಿಕ್ಕಿಸಿದರೆ ಕಡಲೆಕಾಯಿ ಹೊಲದ ದಾರಿಗಳಲ್ಲಿ ಕಲ್ಲಿಗೆ ತಗಲುತ್ತಿತ್ತು. ಚಾವಣಿಯ ಮೇಲಿಟ್ಟರೆ ಇಳಿಸುವವರು ಯಾರು? ಕೊನೆಗೆ ಹಿಂಬದಿಗೆ ಒಂದು ಕೊಕ್ಕೆ ಹಾಕಿಸಿ ನೇತುಹಾಕಿದೆವು. ಎಗರಿ ಬೀಳದಿರಲೆಂದು ಮಗ್ಗದ ನೈಲಾನ್ ಹಗ್ಗದಿಂದ ನಾನೇ ಬಿಗಿದೆ. ನೂಲು ಕಡಿದಾಗ ನಾವು ಹಾಕುವ ಗಂಟು ಅದು, ಏಳನೇ ವಯಸ್ಸಿಗೇ ನನ್ನ ಬೆರಳಿಗೆ ಬಂದದ್ದು. ಸೀರೆ ಹರಿದರೂ ಆ ಗಂಟು ಬಿಚ್ಚುವುದಿಲ್ಲವೆಂಬ ಜಂಬ ನನಗೆ.

ಒಂದು ಮಧ್ಯಾಹ್ನ ಗಾಳಿ ನೋಡಿಸಲು ನಿಂತಾಗ ಟೈರಮ್ಮ ಟ್ರೇಲರಿನ ಹಿಂದೆ ಹೋದವರು ಅಲ್ಲೇ ನಿಂತುಬಿಟ್ಟರು. ಹಿಂದೆ ಯಾರು ಬರುತ್ತಾರೆ ಎಂದು ಕೇಳಿದರು. ಮಗಳನ್ನು ತೋರಿಸಿದೆ. ಹೆದರಿದಾಗ ಅವರ ಬಾಯಿಗೆ ತೆಲುಗೇ ಬರುತ್ತಿತ್ತು.

“ಪಿಲ್ಲ ವೆನಕ ವಸ್ತುಂದಾ?” ಎಂದವರು ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. “ಹುಡುಗಿ ಹಿಂದೆ ಬತ್ತಿರುವಾಗ ಇದನ್ನ ತಗಲಾಕ್ಕಂಡು ಹೋಯ್ತೀಯಾ? ಮಗ್ಗದಾಗೆ ನೂಲು ಯಾವಾಗ್ಲೂ ಬಿಗೀಗಿರ್ತದೆ, ಗಂಟು ನಿಲ್ತದೆ. ರೋಡು ಎಗರಿಸಿ ಎಗರಿಸಿ ಸಡ್ಲ ಮಾಡ್ತದೆ ಕಣಮ್ಮ.”

ಹಿಂದೆ ಭಾರ ಹೆಚ್ಚಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ ಎಂದೂ ಹೇಳಿದರು. ಮುಂದುಗಡೆ, ಜೀಪಿಗೆ ಕೂಡುವ ಕಬ್ಬಿಣದ ಮೂತಿಯ ಮೇಲೆ ಚೌಕಟ್ಟು ಬೆಸೆದು, ಟೈರನ್ನು ಬೋಲ್ಟ್ ಹಾಕಿ ಕೂರಿಸಬೇಕು. ಅರ್ಧ ದಿನದ ಕೆಲಸ, ಈಗಲೇ ಮಾಡಿಸೋಣ ಎಂದು ಗೋಗರೆದರು. ನನಗೋ ಮನೆ ಸೇರುವ ಆತುರ. ಅದಕ್ಕಿಂತ ಹೆಚ್ಚಾಗಿ, ಪಂಚರ್ ಹಾಕುವವರು ನನ್ನ ಗಂಟಿನಲ್ಲಿ ಹುಳುಕು ಹುಡುಕಿದರಲ್ಲ ಎಂದು ಮೈ ಉರಿದಿತ್ತು. ಮುಂದಿನ ವಾರ ನೋಡೋಣವೆಂದು ಇನ್ನೊಂದು ಸುತ್ತು ಬಿಗಿದೆ. ಹೊರಡುವಾಗ ಅವರು ಮಗಳ ಸ್ಕೂಟಿಗೆ ಗಾಳಿ ತುಂಬುತ್ತ ಅವಳಿಗೆ ಮೆಲ್ಲಗೆ ಏನೋ ಹೇಳುತ್ತಿದ್ದರು. ತಮ್ಮ ಪುಕ್ಕಲುತನ ಅವಳಿಗೂ ಅಂಟಿಸುತ್ತಿದ್ದಾರೆ ಎಂದು ಒಳಗೇ ನಕ್ಕೆ.

ಮನೆಯ ದಾರಿಯಲ್ಲಿ ಸಿಗುವ ಸೋಮಂದೇಪಲ್ಲಿ ಇನ್ನೂ ದೂರವಿತ್ತು. ದಿಬ್ಬವೊಂದನ್ನು ಹತ್ತಿ ಇಳಿಯುವಾಗ ರಸ್ತೆಯ ಉಬ್ಬು ಕಾಣದೆ ಜೀಪು ಎಗರಿತು. ಹಿಂದೆ ದಡಾರ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಸ್ಟೆಪ್ನಿ ರಸ್ತೆಯ ನಡುವೆ ಆಳೆತ್ತರ ಪುಟಿಯುತ್ತ, ಅಡ್ಡಾದಿಡ್ಡಿ ಉರುಳುತ್ತಿತ್ತು. ಅದರ ಹಿಂದೆ ಬರೀ ಧೂಳು. ಸ್ಕೂಟಿ ಕಾಣಲಿಲ್ಲ.

ಜೀಪು ನಿಲ್ಲುವ ಮೊದಲೇ ಇಳಿದೆನೋ, ನಿಂತ ಮೇಲೆ ಇಳಿದೆನೋ ಈಗಲೂ ಗೊತ್ತಿಲ್ಲ. ಟೈರು ಚರಂಡಿಗೆ ಬಿದ್ದು ಗಿರ್ರನೆ ತಿರುಗುತ್ತಿತ್ತು, ಅದರ ಪಕ್ಕದಲ್ಲಿ ಅವಳ ದುಪಟ್ಟಾ ಎಲ್ಲಿ ಕಂಡುಬಿಡುತ್ತದೋ ಎಂದು ಅತ್ತ ನೋಡಲು ಧೈರ್ಯ ಸಾಲಲಿಲ್ಲ. ಅಂಥ ಹೆದರಿಕೆಯನ್ನು ನಾನು ಹೆರಿಗೆಯಲ್ಲೂ ಕಂಡಿರಲಿಲ್ಲ. ಆಗ ದಿಬ್ಬದ ಆ ತುದಿಯಲ್ಲಿ, ಅಷ್ಟು ದೂರದಲ್ಲಿ, ಸ್ಕೂಟಿ ನಿಧಾನವಾಗಿ ಮೇಲೆ ಬಂತು.

ಯಾಕೆ ಅಷ್ಟು ಹಿಂದೆ ಉಳಿದೆ ಎಂದು ಅವಳನ್ನು ತಬ್ಬಿಕೊಂಡೇ ಬೈದೆ.

“ಟೈರಮ್ಮ ಹೇಳಿದ್ರು ಕಣಮ್ಮ. ಅದು ಜಾಗ ಬದ್ಲಾಗೋವರ್ಗೂ ಟ್ರೇಲರ್ ಹತ್ರ ಬರ್ಬೇಡ, ನಿಮ್ಮಮ್ಮ ಬೈದ್ರೂ ಬರ್ಬೇಡ ಅಂತ.”

ಮಾರನೆಯ ದಿನವೇ ಕಲ್ಯಾಣದುರ್ಗಕ್ಕೆ ಹೋದೆವು. ಟೈರು ಬಿದ್ದದ್ದನ್ನು ಹೇಳಕೂಡದೆಂದು ದಾರಿಯುದ್ದಕ್ಕೂ ಗಂಡನಿಗೂ ಮಗಳಿಗೂ ಕಟ್ಟಪ್ಪಣೆ ಮಾಡಿದ್ದೆ. ನೀವು ಹೇಳಿದ್ದು ಸರಿ ಅನ್ನಿಸಿತು, ಅದಕ್ಕೇ ಬಂದೆವು ಎಂದೆ. ಟೈರಮ್ಮ ಬೆಸೆಯುವವನನ್ನು ತಾವೇ ಕರೆತಂದು, ಮುಂದೆ ಕೂರಿಸಿದ ಟೈರಿನ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಎಳೆದು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಏನೂ ಆಗೋಕ್ ಮುಂಚೇನೇ ನನ್ ಮಾತು ಕೇಳ್ದೋಳು ನೀನೊಬ್ಳೇ ಕಣಮ್ಮ” ಎಂದು ಟೀ ತರಿಸಿಕೊಟ್ಟರು. ನಾನು ತಲೆ ತಗ್ಗಿಸಿ ಕುಡಿದೆ.

ಆಮೇಲೆ ವಾರ ವಾರವೂ ಅವರನ್ನು ಕಂಡೆ. ಇವತ್ತು ಹೇಳಿಬಿಡೋಣ ಎಂದುಕೊಂಡೇ ಇಳಿಯುವುದು, ಅವರ ನಗುಮುಖ ನೋಡಿ ಸುಮ್ಮನಾಗುವುದು. ಹೋದ ಬೇಸಿಗೆಯಲ್ಲಿ ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟರು. ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವರ ಗಂಡ ಜಗುಲಿಯಲ್ಲಿ ಕೂತಿದ್ದವರಿಗೆಲ್ಲ ನನ್ನನ್ನು ತೋರಿಸಿ, ಹಿಂದೂಪುರದ ಸೀರೆಯಮ್ಮ ಈಕೆಯೇ ಎಂದರು. ಮಾತು ಕೇಳದ ಡ್ರೈವರುಗಳಿಗೆಲ್ಲ ಟೈರಮ್ಮ ನನ್ನ ಕತೆಯನ್ನೇ ಹೇಳುತ್ತಿದ್ದರಂತೆ. ಎಲ್ಲರೂ ನನ್ನನ್ನು ಗೌರವದಿಂದ ನೋಡಿದರು. ಮಗಳು ನೆಲ ನೋಡುತ್ತಿದ್ದಳು. ಅಲ್ಲೂ ನಾನು ಬಾಯಿ ಬಿಡಲಿಲ್ಲ.

ರಸ್ತೆಯ ಉಬ್ಬು ಬಂದರೆ ಇವತ್ತಿಗೂ ಹಿಂದೆ ತಿರುಗಿ ಮಗಳನ್ನು ಹುಡುಕುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳುತ್ತೇನೆ. ಟೈರು ಬಿದ್ದಿತ್ತು, ಟೈರಮ್ಮ. ನಿಮ್ಮ ಮಾತು ಕೇಳಿದವಳು ನಾನಲ್ಲ, ನನ್ನ ಮಗಳು.